ಇಟ್ಟಿಗೆ ಗುಂಡಿಯ ಹದಿನಾಲ್ಕು ದನಿಗಳು

ನನ್ನ ಅಕ್ಕನ ಗಂಡ ಭಾನುವಾರದ ಸುಖನಿದ್ದೆಯಿಂದ ಮೂರು ಜನರನ್ನು ಎಬ್ಬಿಸಿ, ಊರ ಹೊರಗಿನ ಇಟ್ಟಿಗೆ ಗುಂಡಿಗೆ ಕರೆದುಕೊಂಡು ಹೋಗಿ, ಹತ್ತು ನಿಮಿಷ ಕಣ್ಣು ಮುಚ್ಚಿಸಿ ನಿಲ್ಲಿಸುತ್ತಿದ್ದರು. ಇದಕ್ಕೆ ಅವರು ಪ್ರಕೃತಿ ವೀಕ್ಷಣೆ ಎಂದು ಹೆಸರಿಟ್ಟಿದ್ದರು. ಕಣ್ಣು ಮುಚ್ಚಿಕೊಂಡು ಮಾಡುವ ವೀಕ್ಷಣೆ ಯಾವ ಸೀಮೆಯದು ಎಂದು ನಾನು ಹತ್ತೊಂಬತ್ತು ವರ್ಷ ಕೇಳಿದೆ. ಉತ್ತರ ಬರಲಿಲ್ಲ. ಆದರೂ ಹೋಗುತ್ತಿದ್ದೆ. ಹೋಗದಿದ್ದರೆ ಅಕ್ಕ ಮಾತು ಬಿಡುತ್ತಿದ್ದಳು, ಹೋದರೆ ಭಾವ ಮಾತು ಬಿಡುತ್ತಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ಶಿಕ್ಷೆ ಎಂದು ಇವತ್ತಿಗೂ ತೀರ್ಮಾನಿಸಲಾಗಿಲ್ಲ.

ಭಾವನವರ ಕಸುಬು ಹೊಲಿಗೆ ಯಂತ್ರ ರಿಪೇರಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ವಿಶಾಲವಾದ ಅಂಗಡಿ. ಗೋಡೆಗೆ ತೂಗುಹಾಕಿದ ಬೆಲ್ಟುಗಳು, ತಂತಿಯಲ್ಲಿ ಪೋಣಿಸಿದ ಬಾಬಿನ್‌ಗಳು, ಮೂಲೆಯಲ್ಲಿ ಯಾರದೋ ತಲೆ ಕಳಚಿದ ಯಂತ್ರಗಳು. ಕೆಟ್ಟ ಯಂತ್ರ ಬಂದರೆ ಭಾವ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಚಕ್ರ ತಿರುಗಿಸಿ ಎಂದು ಗಿರಾಕಿಗೇ ಹೇಳಿ, ಕಣ್ಣು ಮುಚ್ಚಿ, ತಲೆ ವಾರೆ ಮಾಡಿ ಕೂರುತ್ತಿದ್ದರು.

"ಶಟಲ್ ಸವೆದಿದೆ. ಬೆಲ್ಟ್ ಸಡಿಲ ಆಗಿದೆ. ನಿಮ್ಮನೆ ಮಕ್ಕಳು ಪೆಡಲ್ ಮೇಲೆ ನಿಂತು ಆಡ್ತಾರೆ."

ಮೂರನೆಯ ಮಾತು ಕೇಳಿ ಗಿರಾಕಿ ಕಣ್ಣು ಬಾಯಿ ಬಿಡುತ್ತಿದ್ದ. ಮಕ್ಕಳಿದ್ದೂ ಪೆಡಲ್ ಮೇಲೆ ನಿಂತು ಆಡದ ಮನೆ ಯಾವುದಿದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಭಾವ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆದರೆ ಮೊದಲಿನ ಎರಡು ಮಾತು ಎಂದೂ ತಪ್ಪುತ್ತಿರಲಿಲ್ಲ, ಅದನ್ನು ನಾನೂ ಒಪ್ಪಬೇಕು. ಊರಿಗೆಲ್ಲ ಅವರು 'ಕಿವಿ ಮೇಷ್ಟ್ರು'. ಜನ ತಮಾಷೆಗೆ ಇಟ್ಟ ಹೆಸರನ್ನು ಇವರು ಬಿರುದು ಎಂದು ತಿಳಿದು, ಅಂಗಡಿಯ ಬೋರ್ಡಿನ ಮೇಲೆ ಒಂದು ಕಿವಿಯ ಚಿತ್ರವನ್ನೇ ಬರೆಸಿದರು. ಬಣ್ಣದವನು ಕಿವಿಯನ್ನು ಗುಲಾಬಿ ಬಣ್ಣದಲ್ಲಿ, ಮೊರದಷ್ಟು ಅಗಲವಾಗಿ ಬರೆದಿದ್ದ. ಹೊಸಬರು ಕಿವಿ ಡಾಕ್ಟರೆಂದು ತಿಳಿದು ಒಳಗೆ ಇಣುಕುವುದೂ ಇತ್ತು.

ಇಟ್ಟಿಗೆ ಗುಂಡಿ ಎಂದರೆ ಹಿಂದೊಮ್ಮೆ ಇಟ್ಟಿಗೆಗೆ ಮಣ್ಣು ಅಗೆದು ಬಿಟ್ಟುಹೋದ ಜಾಗ. ಇಟ್ಟಿಗೆ ಸುಡುವ ಗೂಡು ಮುಚ್ಚಿತು, ಮಾಲೀಕ ಹೋದ, ಗುಂಡಿಗಳಲ್ಲಿ ನೀರು ನಿಂತಿತು. ನೀರಿನ ಸುತ್ತ ಆಳೆತ್ತರ ಜೊಂಡು ಬೆಳೆಯಿತು. ಜೊಂಡಿನಲ್ಲಿ ಏನೇನೋ ಬಂದು ಸೇರಿಕೊಂಡವು. ಮಳೆ ಹಿಂದೆ ಸರಿದು, ಚಳಿ ಇನ್ನೂ ಬಾಗಿಲಿಗೆ ಬಾರದ ಶರತ್ಕಾಲದ ಮೊದಲ ವಾರಗಳಲ್ಲಿ ಅಲ್ಲಿ ಜನಸಂಖ್ಯೆ ಅತಿ ಹೆಚ್ಚು. ಭಾವ ಆ ವಾರಗಳಲ್ಲೇ ಪ್ರತಿವರ್ಷ ಗಣತಿ ಮಾಡುತ್ತಿದ್ದರು.

ಗಣತಿಯ ತಂಡದಲ್ಲಿ ಭಾವ, ನಾನು, ಔಷಧಿ ಅಂಗಡಿಯವರು, ಮತ್ತು ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬ. ಅವನನ್ನು ನಾವು 'ಕ್ಯಾಮೆರಾ' ಎಂದೇ ಕರೆಯುತ್ತೇವೆ. ಗುರುತಿನ ಚೀಟಿಗೆ ಮುಖ ಹಿಡಿದು ಹಿಡಿದು ಬೇಸತ್ತವನಿಗೆ, ನೇರ ನೋಡಿ ಎಂದು ಹೇಳಬೇಕಾಗಿಲ್ಲದ ಮುಖಗಳು ಬೇಕಾಗಿದ್ದವು. ನಿಯಮಗಳು ಹೀಗಿದ್ದವು: ಬಣ್ಣದ ಬಟ್ಟೆ ಇಲ್ಲ, ಸೆಂಟ್ ಇಲ್ಲ, ಪರಪರ ಎನ್ನುವ ಬಿಸ್ಕತ್ತು ಪೊಟ್ಟಣ ಇಲ್ಲ, ಕೆಮ್ಮು ಬಂದರೆ ಇಪ್ಪತ್ತು ಹೆಜ್ಜೆ ದೂರ ಹೋಗಿ ಕೆಮ್ಮಬೇಕು. ಔಷಧಿ ಅಂಗಡಿಯವರಿಗೆ ಬೆಳಗಿನ ಹೊತ್ತು ಕೆಮ್ಮು ಇದ್ದೇ ಇರುತ್ತಿತ್ತು. ಊರಿಗೆಲ್ಲ ಕೆಮ್ಮಿನ ಔಷಧಿ ಮಾರುವವರು ಅವರೇ. ಪಾಪ, ಅವರು ಅರ್ಧ ಗಣತಿಯನ್ನು ಇಪ್ಪತ್ತು ಹೆಜ್ಜೆ ದೂರದಿಂದಲೇ ನೋಡಿದವರು.

ಎಲ್ಲಕ್ಕಿಂತ ದೊಡ್ಡ ನಿಯಮ ಎಣಿಕೆಯದು. ಜೊಂಡಿನೊಳಗಿನ ಪುಟ್ಟ ಹಕ್ಕಿಗಳು ಮುಖ ತೋರಿಸುವುದಿಲ್ಲ, ಮಿಡತೆಗಳಂತೂ ಎದುರಿಗೇ ಕೂತಿದ್ದರೂ ಹುಲ್ಲೇ. ಆದ್ದರಿಂದ ಕಿವಿಯಿಂದ ಎಣಿಸಬೇಕು. ಹಳೆಯ ಗೂಡಿನ ಮುರುಕು ಗೋಡೆಯ ಪಕ್ಕ ಸಾಲಾಗಿ ನಿಂತು, ಹತ್ತು ನಿಮಿಷ ಕಣ್ಣು ಮುಚ್ಚಿ, ಒಂದೊಂದು ಬಗೆಯ ದನಿಗೆ ಒಂದೊಂದು ಬೆರಳು ಮಡಿಸುವುದು. ನಾವೂ ಮಡಿಸುತ್ತಿದ್ದೆವು, ಬೆರಳಿಗೆ ವ್ಯಾಯಾಮ ಎಂದು. ಪುಸ್ತಕಕ್ಕೆ ಏರುತ್ತಿದ್ದುದು ಭಾವನವರ ಎಣಿಕೆ ಮಾತ್ರ. ಮಿಕ್ಕವರದು 'ಕಲಿಯದ ಕಿವಿ'.

ಆಮೇಲೆ ಆ ಎಣಿಕೆ ನನ್ನ ಅಂಗಡಿಗೆ ಬರುತ್ತಿತ್ತು. ನನ್ನದು ಜೆರಾಕ್ಸ್ ಮತ್ತು ಸಣ್ಣಪುಟ್ಟ ಅಚ್ಚಿನ ಕೆಲಸ. ಇನ್ನೂರು ಹಾಳೆ ಅಚ್ಚು ಹಾಕಿಸಿ ಭಾವ ಊರಿನ ಗೋಡೆಗಳಿಗೆಲ್ಲ ಅಂಟಿಸುತ್ತಿದ್ದರು. ಬಹಳ ವರ್ಷ ಆ ಹಾಳೆಯಲ್ಲಿ ಇಪ್ಪತ್ತೆರಡು ಹೆಸರುಗಳಿದ್ದವು, ಯಾರೂ ಓದುತ್ತಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಒಂದು ಹೊಸ ತಲೆಬರಹ ಬಂತು: 'ನಮ್ಮನ್ನು ಬಿಟ್ಟುಹೋದವರು'. ಅದರ ಕೆಳಗೆ ಒಂದೇ ಹೆಸರು, ಹುಲ್ಲಿನ ಹಸಿರು ಮಿಡತೆ. ಆಗ ಜನ ಓದತೊಡಗಿದರು. ಇದ್ದವರ ಪಟ್ಟಿಗಿಂತ ಸತ್ತವರ ಪಟ್ಟಿಗೆ ಓದುಗರು ಹೆಚ್ಚು.

ಮರುವರ್ಷ ಜೊಂಡಿನ ಉಲಿಹಕ್ಕಿ ಹೋಯಿತು, ಮಿಂಚುಳ್ಳಿ ಹೋಯಿತು, ಇನ್ನೂ ಮೂರು ಬಗೆಯ ಕೀಟ ಹೋದವು. ಅದರ ಮರುವರ್ಷ ಇನ್ನೈದು. ಹೋದ ವರ್ಷದ ಹಾಳೆಯ ಹೊತ್ತಿಗೆ ಬಿಟ್ಟುಹೋದವರು ಹದಿನಾಲ್ಕು, ಉಳಿದವರು ಎಂಟು: ಕಾಗೆ, ಬೆಳವ, ನೀರುಕೋಳಿ, ಬಾತು, ಬಕ, ಗೂಬೆ, ಕಪ್ಪೆ ಮತ್ತು ದುಂಬಿ. ಎಲ್ಲರೂ ದಪ್ಪ ದನಿಯವರು. ಅಚ್ಚಿನ ಕರಡು ತಿದ್ದುತ್ತಾ ನನಗೆ ಇದು ಹೊಳೆಯಬೇಕಾಗಿತ್ತು. ನಾನು ಕಾಗುಣಿತ ನೋಡುತ್ತಿದ್ದೆ.

ಭಾವ ಆ ಹಾಳೆ ಬರೆಯುವ ದಿನ ಊಟ ಮಾಡುತ್ತಿರಲಿಲ್ಲ. ನಾಟಕ ಎಂದು ನಾನು ಅಂದುಕೊಂಡಿದ್ದೆ. ಪುರಸಭೆಗೆ ಕಾಗದದ ಮೇಲೆ ಕಾಗದ ಬರೆದರು, ಹೊಸ ರಸ್ತೆಯ ಧೂಳಿನಿಂದ ಸತ್ತವು, ಬೀದಿ ದೀಪದಿಂದ ಸತ್ತವು ಎಂದು. ಕ್ಯಾಮೆರಾ ಒಮ್ಮೆ ಜೊಂಡಿನ ಉಲಿಹಕ್ಕಿಯ ಫೋಟೋವನ್ನೇ ತಂದು ಮುಂದಿಟ್ಟ.

"ಮೇಷ್ಟ್ರೇ, ಇದು ಹೋದ ವಾರದ್ದು. ಕಣ್ಣೆದುರಿಗೇ ಇದೆಯಲ್ಲ!"

"ಫೋಟೋ ಮೂಕ ಕಣಪ್ಪಾ," ಎಂದರು ಭಾವ. "ಮನೆ ಮಾಡ್ಕೊಂಡಿರೋ ಹಕ್ಕಿ ಬಾಯಿ ಬಿಡುತ್ತೆ. ಬಾಯಿ ಬಿಡದೆ ಕೂತಿದೆ ಅಂದ್ರೆ ಅದು ನೆಂಟ. ಇವತ್ತು ಬಂದು ನಾಳೆ ಹೋಗೋದು."

ನಾನೂ ಒಂದು ಸಲ ಗೋಡೆಯ ಬಳಿ ಏನೋ ಸಣ್ಣಗೆ 'ಝೀ' ಎನ್ನುತ್ತಿದೆ ಎಂದೆ. ಖಾಲಿ ಹೊಟ್ಟೆಯಲ್ಲಿ ಎದ್ದು ಬಂದರೆ ಕಿವಿ ಹಾಗೆ ಗುಂಯ್‌ಗುಟ್ಟುತ್ತದೆ, ಮುಂದಿನ ವಾರದಿಂದ ಎರಡು ತುಂಡು ಬ್ರೆಡ್ಡು ತಿಂದು ಬಾ ಎಂದರು. ತಿಂದು ಹೋದೆ. ಝೀ ಎನ್ನುವುದು ಹಾಗೇ ಇತ್ತು. ನನ್ನ ಹೊಟ್ಟೆಯನ್ನೇ ಅನುಮಾನಿಸಿದೆ.

ಈ ವರ್ಷ ಗಣತಿಗೆ ವಾರವಿರುವಾಗ ಪುರಸಭೆಯ ಇಂಜಿನಿಯರು ಭಾವನವರ ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ, ಆದ್ದರಿಂದ ಅವರು ಬಾಗಿಲಲ್ಲೇ ನಿಂತರು. ಬಹಳ ವಿನಯದ ಮನುಷ್ಯ. ಕೈಯಲ್ಲಿ ನಾನೇ ಅಚ್ಚು ಹಾಕಿದ ನಾಲ್ಕು ವರ್ಷದ ಹಾಳೆಗಳು, ಅಂಚು ಮಡಚದಂತೆ ಪ್ಲಾಸ್ಟಿಕ್ಕಿನೊಳಗೆ. ತನ್ನ ಹಾಳೆಯನ್ನು ಯಾರೋ ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುವುದನ್ನು ನೋಡಿ ಭಾವನವರ ಎದೆ ಎರಡು ಅಂಗುಲ ಉಬ್ಬಿತು.

"ಮೇಷ್ಟ್ರೇ, ನಿಮ್ಮ ಹಾಳೆಗಳಿಂದ ನಮಗೆ ಬಹಳ ಅನುಕೂಲ ಆಯ್ತು," ಎಂದರು ಇಂಜಿನಿಯರು. "ಹತ್ತು ಬಗೆ ಜೀವಿಗಳಿದ್ರೆ ಆ ಜಾಗ ಮುಟ್ಟೋ ಹಾಗಿಲ್ಲ, ನಿಯಮ. ನಿಮ್ಮ ಲೆಕ್ಕದಲ್ಲೇ ಎಂಟಕ್ಕೆ ಇಳಿದಿದೆ. ಗುಂಡಿ ಮುಚ್ಚಿ ಲಾರಿ ನಿಲ್ಲಿಸೋಕೆ ಜಾಗ ಮಾಡೋಣ ಅಂತಿದೆ. ಈ ಭಾನುವಾರ ನಾನೂ ಬರ್ತೀನಿ. ನೀವು ಎಣಿಸಿ, ಒಂದು ಸಹಿ ಹಾಕ್ಬಿಡಿ. ನಿಮ್ಮ ಕಿವಿಗಿಂತ ದೊಡ್ಡ ಸಾಕ್ಷಿ ನಮಗೆ ಇನ್ನೇನು ಬೇಕು?"

ಎರಡು ಅಂಗುಲ ಉಬ್ಬಿದ ಎದೆ ನಾಲ್ಕು ಅಂಗುಲ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಪುರಸಭೆಯ ಮುಖಕ್ಕೆ ಮಸಿ ಬಳಿಯಲೆಂದು ಭಾವ ನಾಲ್ಕು ವರ್ಷ ಅರೆದ ಮಸಿಯಲ್ಲೇ ಪುರಸಭೆಯವರು ಆದೇಶ ಬರೆದುಕೊಂಡಿದ್ದರು. ಇಂಜಿನಿಯರು ಹೋದ ಮೇಲೆ ಭಾವ ಬಹಳ ಹೊತ್ತು ಒಂದೇ ಸೂಜಿಯನ್ನು ಒರೆಸುತ್ತಾ ಕೂತರು.

"ಎಂಟು ಅಂತ ಯಾಕೆ ಬರೀಬೇಕು? ಹನ್ನೆರಡು ಅಂತ ಬರೆದು ಬಿಸಾಕಿ," ಎಂದೆ ನಾನು.

"ಕೇಳಿಸದೇ ಇರೋದನ್ನ ಕೇಳಿಸ್ತು ಅಂತ ಬರೆಯೋನಲ್ಲ ನಾನು."

"ಹಾಗಾದ್ರೆ ಲಾರಿಗಳ ಗಣತಿ ಮಾಡಿ ಮುಂದಿನ ವರ್ಷ."

ಭಾವ ತಿರುಗಿ ಬೈಯಲಿಲ್ಲ. ಅದು ನನಗೆ ಸರಿಬೀಳಲಿಲ್ಲ. ಬೈಯದ ಭಾವ ಎಂದರೆ ಬೆಲ್ಟ್ ಹರಿದ ಯಂತ್ರ.

ಭಾನುವಾರ ನಾನು ಅಕ್ಕನ ಮನೆಗೆ ಹೋದಾಗ ಐದೂವರೆಗೆ ಎರಡು ನಿಮಿಷವಿತ್ತು. ಭಾವ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. ಪಕ್ಕದ ಮೇಜಿನ ಮೇಲೆ ಅವರ ಕೈಗಡಿಯಾರ, ಅಂಕಿ ತೋರಿಸುವ ಅಗ್ಗದ ಗಡಿಯಾರ. ಅದರ ಅಲಾರಂ ಬಗ್ಗೆ ಭಾವನವರಿಗೆ ತಾತ್ಸಾರ. ಅದು ಹೊಡೆಯುವ ಮುಂಚೆಯೇ ತಾನು ಎದ್ದಿರುತ್ತೇನೆ, ಒಂದು ದಿನವೂ ಅದರ ಸದ್ದು ಕೇಳಿದ್ದಿಲ್ಲ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಐದೂವರೆಗೆ ಗಡಿಯಾರ ಪೀಪೀಪೀ ಎಂದು ಕಿರುಚತೊಡಗಿತು. ಭಾವನವರ ಮೊಣಕೈಯಿಂದ ಒಂದು ಗೇಣು ದೂರ.

"ಎಷ್ಟು ನಿಶ್ಶಬ್ದ ಆಗಿಬಿಟ್ಟಿದೆ ನೋಡು ಪ್ರಪಂಚ," ಎಂದರು ಭಾವ, ಲೇಸಿನ ಗಂಟು ಬಿಗಿಯುತ್ತಾ. "ಮೊದಲೆಲ್ಲ ಈ ಹೊತ್ತಿಗೆ ಕಿಟಕಿ ಹೊರಗೆ ಎಷ್ಟೊಂದು ಗದ್ದಲ ಇರ್ತಿತ್ತು. ಈಗ ಸ್ಮಶಾನ."

ಅಕ್ಕ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಗಡಿಯಾರದ ಗುಂಡಿ ಒತ್ತಿದಳು. ಕಿರುಚಾಟ ನಿಂತಿತು. ಹಾಲು ಉಕ್ಕಿದರೆ ಒಲೆ ಆರಿಸುವಷ್ಟು ಸಹಜವಾಗಿ ಆರಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

ಚಹಾ ತರುವ ನೆಪದಲ್ಲಿ ಅವಳ ಹಿಂದೆಯೇ ಅಡುಗೆಮನೆಗೆ ಹೋದೆ.

"ಎಷ್ಟು ದಿನದಿಂದ?"

"ನಾಲ್ಕು ವರ್ಷ ಆಯ್ತು. ಮೆಲ್ಲಗೆ ಮಾತಾಡು." ಅಕ್ಕ ಚಹಾ ಸೋಸುತ್ತಿದ್ದಳು. "ದಪ್ಪ ಶಬ್ದ ಎಲ್ಲಾ ಕೇಳುತ್ತೆ. ಸಣ್ಣ ದನಿ ಮಾತ್ರ ಇಲ್ಲ. ಅಂಗಡೀಲೂ ಅಷ್ಟೇ. ಶಟಲ್ ಸದ್ದು ಸರಿಯಾಗಿ ಹೇಳ್ತಾರೆ. ಕೀಚ್ ಅನ್ನೋದು ಗೊತ್ತಾಗಲ್ಲ. ಇವರು ಊಟಕ್ಕೆ ಎದ್ದಾಗ ನಾನೇ ಎರಡು ತೊಟ್ಟು ಎಣ್ಣೆ ಬಿಟ್ಟಿರ್ತೀನಿ."

"ಹೇಳೋದಲ್ವಾ ಅಕ್ಕಾ?"

"ಏನಂತ ಹೇಳ್ಲಿ? ಬೋರ್ಡಿನ ಮೇಲೆ ಅಷ್ಟು ದೊಡ್ಡ ಕಿವಿ ಬರೆಸ್ಕೊಂಡವರಿಗೆ?" ಅವಳು ಸೋಸಣಿಗೆಯನ್ನು ಲೋಟದ ಮೇಲೆ ಕೊಡವಿದಳು. "ಗೊತ್ತಾದ್ರೆ ಒಬ್ಬ ಗಿರಾಕಿ ಬರ್ತಾನಾ? ಹೋಗ್ಲಿ ಬಿಡು, ಅಲ್ಲಿ ಗೋಡೆ ಹತ್ರ ಎಣಿಕೆ ಶುರು ಆಗೋದು ಎಷ್ಟು ಗಂಟೆಗೆ?"

"ಆರೂಮುಕ್ಕಾಲಿಗೆ."

ಅಕ್ಕ ಹೊರಗೆ ಬಂದು ಗಡಿಯಾರದ ಗುಂಡಿಗಳನ್ನು ಅದುಮಿ ಏನೋ ಮಾಡಿ, ಭಾವನವರ ಕೈಗೆ ತಾನೇ ಕಟ್ಟಿದಳು. ಗಣತಿಯ ದಿನ ಭಾವ ಗಡಿಯಾರ ಕಟ್ಟುವವರಲ್ಲ.

"ಆಫೀಸಿನೋರು ಬರ್ತಾರೆ. ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷ ಆಗ್ಬೇಕು. ಕಟ್ಕೊಂಡಿರಿ," ಎಂದಳು. ಮೂಲೆಯಿಂದ ತನ್ನ ಚಪ್ಪಲಿ ಎಳೆದುಕೊಂಡಳು. "ಇವತ್ತು ನಾನೂ ಬರ್ತೀನಿ."

ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಬಾರದವಳು ಹೊರಟು ನಿಂತರೂ ನನ್ನ ತಲೆಗೆ ಏನೂ ಹೋಗಲಿಲ್ಲ. ಇಡೀ ಊರಿನ ದಾಖಲೆ ಜೆರಾಕ್ಸ್ ಮಾಡುವವನ ಬುದ್ಧಿ ಇಷ್ಟೇ.

ದಾರಿಯುದ್ದಕ್ಕೂ ಹುಲ್ಲಿನ ಮೇಲೆ ಜೇಡರಬಲೆಗಳು ಇಬ್ಬನಿ ಹೊತ್ತು ಜೋತಿದ್ದವು. ಇಂಜಿನಿಯರು ಮಿರಮಿರ ಮಿಂಚುವ ಬೂಟು ಹಾಕಿಕೊಂಡು ಬಂದಿದ್ದರು, ಗುಂಡಿಯ ಮಣ್ಣಿಗೆ ಅದು ಬಹಳ ಹಿಡಿಸಿತು. ಒಂದು ಏರೋಪ್ಲೇನ್ ಚಿಟ್ಟೆ ಜೊಂಡಿನ ತುದಿಯಲ್ಲಿ ಒದ್ದೆ ರೆಕ್ಕೆ ಚಾಚಿ ಬಿಸಿಲಿಗೆ ಕಾಯುತ್ತಿತ್ತು. ಮುಟ್ಟಿದರೂ ಹಾರಲಾರದು, ಮೈ ಬಿಸಿಯಾಗುವವರೆಗೆ ಅದು ಬರೀ ಕಡ್ಡಿ. ತಂತಿಯ ಮೇಲೆ ಕವಲುತೋಕೆ ಹಕ್ಕಿಗಳು ಚಳಿಗಾಲಕ್ಕೆಂದು ಬಂದಿಳಿದು ಸಭೆ ಸೇರಿದ್ದವು. ನೀರುಕಾಗೆಯೊಂದು ಮುಳುಗಿದ ಕಂಬದ ಮೇಲೆ ಎರಡೂ ರೆಕ್ಕೆ ಬಿಚ್ಚಿ, ಒಗೆದ ಕೋಟಿನಂತೆ ತನ್ನನ್ನೇ ಒಣಹಾಕಿಕೊಂಡಿತ್ತು. ರೆಕ್ಕೆ ಅಂಚು ಹರಿದ ಚಿಟ್ಟೆಯೊಂದು ಔಷಧಿ ಅಂಗಡಿಯವರ ಟೋಪಿಯ ಮೇಲೆ ಕೂತಿತು. ಅವರು ಕೆಮ್ಮನ್ನು ಬಿಗಿಹಿಡಿದು ಕೆಂಪಾದರು. ಭಾವ ಮಾತ್ರ ಯಾವುದನ್ನೂ ತೋರಿಸಲಿಲ್ಲ. ಮುಂದೆ ಮುಂದೆ ನಡೆದರು, ಬೇಗ ಮುಗಿಸಿ ಮನೆಗೆ ಹೋಗಬೇಕೆನ್ನುವವರ ಹಾಗೆ.

ಆರೂಮುಕ್ಕಾಲಿಗೆ ಗೋಡೆಯ ಪಕ್ಕ ಸಾಲಾಗಿ ನಿಂತೆವು. ಭಾವ ಕೈ ಎತ್ತಿ ಇಳಿಸಿದರು. ಕಣ್ಣು ಮುಚ್ಚಿದೆವು.

ಆವತ್ತು ನಾನು ಮೊದಲ ಸಲ ನಿಜವಾಗಿ ಕೇಳಿಸಿಕೊಂಡೆ. ಕಾಗೆಯ ಕೂಗಿನ ಕೆಳಗೆ, ಬೆಳವದ ಗುಟುರಿನ ಹಿಂದೆ, ಜೊಂಡಿನ ಒಳಗೆಲ್ಲ ಸಣ್ಣ ಸಣ್ಣ ದನಿಗಳು ತುಂಬಿಹೋಗಿದ್ದವು. ಚಿಕ್ ಚಿಕ್ ಎನ್ನುವುದು, ತ್ಸೀ ಎನ್ನುವುದು, ಗಾಜಿನ ಮೇಲೆ ಉಗುರೆಳೆದಂತೆ ಒಂದು, ನೀರಿನ ಮೇಲೆ ಗೀಚಿಕೊಂಡು ಹೋದ ಇನ್ನೊಂದು. ನನ್ನ ಹೊಟ್ಟೆಯೊಳಗಿನ ಝೀ ಕೂಡ ಅಲ್ಲೇ ಎಡಗಡೆಯ ಹುಲ್ಲಿನಲ್ಲಿತ್ತು. ನಾನು ಕಳ್ಳನಂತೆ ಕಣ್ಣು ತೆರೆದೆ. ಭಾವನವರ ಕೈ ನೋಡಿದೆ. ಎಂಟು ಬೆರಳು ಮಡಿಸಿಕೊಂಡಿದ್ದವು. ಉಳಿದೆರಡು ನೆಟ್ಟಗೆ ನಿಂತು ಕಾಯುತ್ತಿದ್ದವು, ಬಾರದ ಬಸ್ಸಿಗೆ ಕಾಯುವವರಂತೆ. ಅವರ ಹುಬ್ಬು ನೋವಾಗುವಷ್ಟು ಗಂಟಿಕ್ಕಿತ್ತು. ಅವರು ಬೇಡುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು. ಹದಿನಾಲ್ಕರಲ್ಲಿ ಎರಡಾದರೂ ಬಾಯಿ ಬಿಡಲಿ ಎಂದು.

ಆಗ ಗಡಿಯಾರ ಹೊಡೆಯಿತು.

ಪೀಪೀಪೀ ಪೀಪೀಪೀ. ಆ ಮೌನದಲ್ಲಿ ಅದು ಆಂಬುಲೆನ್ಸಿನಷ್ಟು ದೊಡ್ಡದಾಗಿ ಕೇಳಿತು. ಎಲ್ಲರೂ ಕಣ್ಣು ತೆರೆದರು. ಔಷಧಿ ಅಂಗಡಿಯವರು, ಕ್ಯಾಮೆರಾ, ಇಂಜಿನಿಯರು, ಎಲ್ಲರೂ ಭಾವನವರ ಮಣಿಕಟ್ಟನ್ನೇ ನೋಡಿದರು. ಭಾವ ಒಬ್ಬರೇ ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ಎರಡು ಬೆರಳು ಚಾಚಿಕೊಂಡು ನಿಂತಿದ್ದರು. ಅಕ್ಕ ಅವರ ಎದುರಿಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ಗಡಿಯಾರದ ಗುಂಡಿ ಒತ್ತಲು ಕೈ ಚಾಚಲಿಲ್ಲ.

ಅದು ಒಂದು ನಿಮಿಷ ಹೊಡೆದು ತಾನಾಗಿ ನಿಲ್ಲುವ ಗಡಿಯಾರ. ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಭಾವನವರಿಗೆ ಅದೇನನ್ನಿಸಿತೋ ಕಣ್ಣು ತೆರೆದರು. ನಮ್ಮನ್ನು ನೋಡಿದರು. ನಾವು ಎಲ್ಲಿ ನೋಡುತ್ತಿದ್ದೇವೋ ಅಲ್ಲಿ ನೋಡಿದರು. ಗಡಿಯಾರದ ಮೂಲೆಯಲ್ಲಿ ಸಾಸಿವೆಯಷ್ಟು ಗಂಟೆಯ ಗುರುತು ಮಿಣುಕುತ್ತಿತ್ತು. ಅವರು ಅದನ್ನು ಎಡಗಿವಿಗೆ ಹಿಡಿದರು. ಬಲಗಿವಿಗೆ ಹಿಡಿದರು. ಮತ್ತೆ ಎಡಗಿವಿಗೆ. ಯಂತ್ರ ಕೆಟ್ಟಿದೆಯೇ ಎಂದು ನೋಡುವ ರಿಪೇರಿಯವನ ಹಾಗೆಯೇ ನೋಡಿದರು. ಯಂತ್ರ ಸರಿಯಾಗಿತ್ತು.

ಹತ್ತೊಂಬತ್ತು ವರ್ಷ ಆ ಮನುಷ್ಯನ ಗರ್ವ ಮುರಿಯುವ ಗಳಿಗೆಗೆ ನಾನು ಕಾದಿದ್ದೆ. ನಗಲೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಆ ಗಳಿಗೆ ಬಂದಾಗ ಅಳು ಬಂತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

"ಎಷ್ಟು ವರ್ಷ ಆಯ್ತೇ?" ಎಂದು ಭಾವ ಅಕ್ಕನನ್ನು ಕೇಳಿದರು.

"ನಾಲ್ಕು."

"ಮಿಡತೆ ಹೋದ ವರ್ಷ."

"ಹೂಂ ರೀ. ಮಿಡತೆ ಹೋದ ವರ್ಷ."

ಇಂಜಿನಿಯರಿಗೆ ಇದೊಂದೂ ತಿಳಿಯಲಿಲ್ಲ. ಅವರು ಚೀಲದಿಂದ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಎಂಟು ಅಂತ ಬರ್ಕೊಳ್ಳಲಾ ಮೇಷ್ಟ್ರೇ?"

ಎಂಟು ಎಂದಿದ್ದರೆ ಸಾಕಾಗಿತ್ತು. ಗಡಿಯಾರ ಕೇಳಲಿಲ್ಲ, ಧ್ಯಾನದಲ್ಲಿದ್ದೆ ಎಂದಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಔಷಧಿ ಅಂಗಡಿಯವರಂತೂ ಖಂಡಿತ ಒಪ್ಪುತ್ತಿದ್ದರು. ಬೋರ್ಡಿನ ಮೇಲಿನ ಕಿವಿ ಹಾಗೇ ಉಳಿಯುತ್ತಿತ್ತು, ಗುಂಡಿ ಮಾತ್ರ ಹೋಗುತ್ತಿತ್ತು. ಭಾವ ಆ ಪೆನ್ನಿಗೆ ಕೈ ಅಡ್ಡ ಹಿಡಿದರು.

"ಬರ್ಕೊಬೇಡಿ ಸಾರ್. ಹೋಗಿರೋದು ಹಕ್ಕಿಗಳಲ್ಲ. ನನ್ನ ಕಿವಿ." ದನಿ ಗಟ್ಟಿಯಾಗಿಯೇ ಇತ್ತು. "ನಾಲ್ಕು ವರ್ಷದಿಂದ ಊರ ಗೋಡೆ ಮೇಲೆಲ್ಲ ಸುಳ್ಳು ಅಂಟಿಸ್ತಾ ಬಂದಿದೀನಿ. ಹತ್ತು ನಿಮಿಷ ಇರಿ, ಹಾಜರಿ ತಗೋತೀನಿ."

ಕಿವಿ ಮೇಷ್ಟ್ರು ಅವತ್ತು ನಿಜವಾಗಿ ಮೇಷ್ಟ್ರಾದರು. ಚೀಲದಿಂದ ಮೊದಲ ವರ್ಷದ ಪುಸ್ತಕ ತೆಗೆದು, ಬಿಟ್ಟುಹೋದವರನ್ನು ಒಬ್ಬೊಬ್ಬರನ್ನಾಗಿ ಕರೆದರು. ತನಗೆ ಕೇಳದ ದನಿಗಳನ್ನು ಅವರು ನೆನಪಿನಿಂದ ಹೇಳುತ್ತಿದ್ದರು, ನಾವು ಕಲಿಯದ ಕಿವಿಗಳಿಂದ ಹುಡುಕುತ್ತಿದ್ದೆವು.

"ನೀರಿನ ಅಂಚಲ್ಲಿ. ಒದ್ದೆ ಬಿರಡೆ ತಿರುಗಿಸಿದ ಹಾಗೆ, ಎರಡು ಸಲ, ಆಮೇಲೆ ಹಾರಿಬಿಡುತ್ತೆ. ಮಿಂಚುಳ್ಳಿ."

ಕ್ಯಾಮೆರಾ ಕೈ ಎತ್ತಿದ. ನಾನೂ ಎತ್ತಿದೆ. ಭಾವ ಟಿಕ್ ಹಾಕಿದರು.

"ಜೊಂಡಿನ ಬುಡದಲ್ಲಿ. ಬೈಕೊಂಡು ಬೈಕೊಂಡು ಒಂದೇ ಮಾತು ಹತ್ತು ಸಲ ಹೇಳುತ್ತೆ, ನನ್ನ ಭಾಮೈದನ ಹಾಗೆ. ಉಲಿಹಕ್ಕಿ."

ಎಲ್ಲರೂ ಕೈ ಎತ್ತಿದರು, ನನ್ನನ್ನು ನೋಡುತ್ತಾ. ಐದನೆಯ ಹೆಸರಿಗೆ ಎಲ್ಲರಿಗಿಂತ ಮುಂಚೆ ಎದ್ದ ಕೈ ಇಂಜಿನಿಯರದು. ಎತ್ತಿದ ಮೇಲೆ ಅವರಿಗೇ ಗಾಬರಿಯಾಗಿ ಅದೇ ಕೈಯಲ್ಲಿ ತಲೆ ಕೆರೆದುಕೊಂಡರು. ಆದರೆ ಭಾವ ಟಿಕ್ ಹಾಕಿಯಾಗಿತ್ತು. ಎರಡು ಹೆಸರಿಗೆ ಎಷ್ಟು ಹೊತ್ತು ಕಾದರೂ ಯಾರ ಕೈಯೂ ಏಳಲಿಲ್ಲ. ಅವುಗಳ ಮುಂದೆ ಭಾವ ಏನೂ ಬರೆಯದೆ ಪುಟವನ್ನು ಬೆರಳಿನಿಂದ ಒಮ್ಮೆ ಸವರಿದರು. ಅವೆರಡು ನಿಜವಾಗಿಯೂ ಹೋಗಿದ್ದವು.

ಕೊನೆಯ ಹೆಸರನ್ನು ಮಾತ್ರ ಅವರು ನಮ್ಮ ಕಡೆ ತಿರುಗಿ ಕೇಳಲಿಲ್ಲ. ಅಕ್ಕನನ್ನು ಕೇಳಿದರು.

"ಹುಲ್ಲಿನ ಹಸಿರು ಮಿಡತೆ ಕಣೇ. ಉಸಿರು ತಗೊಳ್ದೆ ಉದ್ದಕ್ಕೆ ಎಳೆಯುತ್ತೆ. ಅದು... ಇದ್ಯಾ?"

"ಇದೆ ರೀ," ಎಂದಳು ಅಕ್ಕ. "ಈಗಲೂ ಎಳೀತಿದೆ. ನಮ್ಮನೆ ಕಿಟಕಿ ಕೆಳಗೂ ಇದೆ. ಯಾವತ್ತೂ ಹೋಗಿರ್ಲಿಲ್ಲ."

ಭಾವ ಪುಸ್ತಕವನ್ನು ಎದೆಗೆ ಅಪ್ಪಿಕೊಂಡು ಗೋಡೆಯ ಮೇಲೆ ಕೂತುಬಿಟ್ಟರು. ಕಿವಿ ಹೋಯಿತೆಂದು ಅಳುತ್ತಾರೆ ಎಂದು ನಾವೆಲ್ಲ ಹತ್ತಿರ ಹೋದೆವು. ಅವರು ನಗುತ್ತಿದ್ದರು. "ಸತ್ತಿಲ್ಲವಂತೆ ಕಣೋ," ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಒಂದೂ... ಎರಡು ಬಿಟ್ಟು ಒಂದೂ ಸತ್ತಿಲ್ಲವಂತೆ."

ಫಾರಂನಲ್ಲಿ ಇಪ್ಪತ್ತು ಎಂದು ಬರೆಯಲಾಯಿತು. ಐದು ಸಹಿಗಳು ಬಿದ್ದವು. ಕಡತ ಮರುಪರಿಶೀಲನೆಗೆಂದು ಕಪಾಟು ಸೇರಿತು. ಆ ಕಪಾಟಿನಿಂದ ಈವರೆಗೆ ಯಾವ ಕಡತವೂ ಜೀವಸಹಿತ ಹೊರಬಂದಿಲ್ಲವಾದ್ದರಿಂದ ಗುಂಡಿ ಸದ್ಯಕ್ಕೆ ಕ್ಷೇಮ.

ಮನೆಗೆ ಮರಳುವಾಗ ನಾನು ಅಕ್ಕನನ್ನು ಕೇಳಿದೆ, ಎಲ್ಲರ ಮುಂದೆ ಹೀಗೆ ಮಾಡಬೇಕಿತ್ತಾ ಎಂದು. "ಅಂಗಡಿ ಹೋದ್ರೆ ಇವರು ಹೇಗೋ ಬದುಕ್ತಾರೆ. ಆ ಗುಂಡಿ ಹೋದ್ರೆ ಬದುಕಲ್ಲ," ಎಂದಳು. "ಒಳಗೆ ಕೂರಿಸಿಕೊಂಡು ಹೇಳಿದ್ರೆ ನಂಬ್ತಿದ್ರಾ? ನಿನ್ನ ಹೊಟ್ಟೆ ಖಾಲಿ ಅನ್ನೋರು."

ಮರುದಿನ ಭಾವ ಬಂದು ತಿದ್ದುಪಡಿ ಅಚ್ಚು ಹಾಕಿಸಿದರು. 'ತಾಂತ್ರಿಕ ಕಾರಣಗಳಿಂದ' ಎಂದು ಸೇರಿಸೋಣ, ಗೌರವವಾಗಿರುತ್ತದೆ ಎಂದೆ. ಒಪ್ಪಲಿಲ್ಲ. 'ಬಿಟ್ಟುಹೋದವರು ಎಂದು ಅಚ್ಚಾದ ಹದಿನಾಲ್ಕರಲ್ಲಿ ಹನ್ನೆರಡು ಇಲ್ಲೇ ಇವೆ. ಎಣಿಸಿದವನಿಗೆ ಕೇಳಿಸುತ್ತಿರಲಿಲ್ಲ.' ಇಷ್ಟೇ. ಮೊದಲ ಹಾಳೆಯನ್ನು ತನ್ನ ಅಂಗಡಿಯ ಬಾಗಿಲಿಗೆ, ಗುಲಾಬಿ ಕಿವಿಯ ಕೆಳಗೆ ಅಂಟಿಸಿದರು. ಅರ್ಧದಷ್ಟು ಗಿರಾಕಿಗಳು ಪಕ್ಕದ ಓಣಿಗೆ ಹೋದರು. ಉಳಿದವರಿಗೆ ಈಗ ಅಕ್ಕ 'ಕೀಚ್ ಅಂತಿದೆ' ಎಂದು ಗಟ್ಟಿಯಾಗಿಯೇ ಹೇಳುತ್ತಾಳೆ, ಭಾವ ಸ್ಕ್ರೂ ಬಿಗಿಯುತ್ತಾರೆ.

ಈಗ ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಭಾವ ಕಿಟಕಿಯ ಪಕ್ಕ ಕೂರುತ್ತಾರೆ. "ಕೂಗ್ತಿದ್ಯಾ?" ಎಂದು ಕೇಳುತ್ತಾರೆ. ಅಕ್ಕ ಪಾತ್ರೆ ತೊಳೆಯುತ್ತಲೇ "ಹೂಂ ರೀ" ಎನ್ನುತ್ತಾಳೆ. ನಲ್ಲಿ ಸುರಿಯುವ ಸದ್ದಿನಲ್ಲಿ ಅವಳಿಗೆ ಏನು ಕೇಳುತ್ತದೋ. ನಿನ್ನೆಯೂ ಕೇಳಿದರು, ನಿನ್ನೆಯೂ ಹೂಂ ಎಂದಳು. ಹೊರಗೆ ಕೊರೆಯುವ ಚಳಿ. ಮೊದಲ ಚಳಿಗೇ ಆ ಮಿಡತೆಗಳೆಲ್ಲ ಸಾಯುತ್ತವೆ, ಮೊಟ್ಟೆಗಳಷ್ಟೇ ಉಳಿದು ಮಳೆಗೆ ಕಾಯುತ್ತವೆ. ಇದನ್ನು ನನಗೆ ಕಲಿಸಿದವರು ಭಾವನವರೇ. ಪುಸ್ತಕ ಅವರ ತೊಡೆಯ ಮೇಲಿತ್ತು, ಅವರು ಅದರಲ್ಲಿ ಏನೂ ಬರೆಯಲಿಲ್ಲ. ಸುಮ್ಮನೆ ತಲೆ ವಾರೆ ಮಾಡಿ, ಅಕ್ಕನ ಮಾತು ಕೇಳಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು.